ನಕಲು ಇಟ್ಟುಕೊಂಡ ಯಂತ್ರ

ಬಾಗಿಲಿನ ಒಳಮೈ ಮೇಲೆ ಏಳು ಗೀರುಗಳಿದ್ದವು.

ಬೂದು ಬಣ್ಣ ಕಿತ್ತುಬಂದು ಕೆಳಗಿನ ತಗಡು ಕಾಣುತ್ತಿತ್ತು. ಇನ್ಸ್‌ಪೆಕ್ಟರ್ ಮಂಡಿಯೂರಿ ಕೂತು ನೋಡಿದಳು. ಗೀರುಗಳೆಲ್ಲ ಸೊಂಟದ ಎತ್ತರಕ್ಕಿಂತ ಕೆಳಗಿದ್ದವು. ಗೀರಿದವರು ಆ ಹೊತ್ತಿಗಾಗಲೇ ನಿಲ್ಲುವ ಶಕ್ತಿ ಕಳೆದುಕೊಂಡಿದ್ದರು.

ಶವಪರೀಕ್ಷೆಯ ವರದಿ ಬೆಳಿಗ್ಗೆಯಷ್ಟೇ ಕೈಸೇರಿತ್ತು. ಬಲಗೈಯ ಮೂರು ಉಗುರು ಮುರಿದಿವೆ, ಉಗುರಿನಡಿ ಬೂದು ಬಣ್ಣದ ಪುಡಿಯಿದೆ ಎಂದು ಅದರಲ್ಲಿ ಬರೆದಿತ್ತು. ದಫೇದಾರರು ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡರು. ನಿವೃತ್ತಿಗೆ ಆರು ತಿಂಗಳು ಬಾಕಿಯಿದ್ದ ಮನುಷ್ಯ. ಇಂಥದ್ದನ್ನು ಓದಿದ ದಿನ ಊಟ ಸೇರುವುದಿಲ್ಲ ಎಂದು ಗೊಣಗಿಕೊಂಡರು.

ಸೋಮವಾರ ಇದೇ ಕೋಣೆಯಲ್ಲಿ, ಬೆಂಕಿ ಆರಿಸುವ ಗ್ಯಾಸು ಬೆಂಕಿಯೇ ಇಲ್ಲದೆ ತೆರೆದುಕೊಂಡು, ಸಂಶೋಧನಾ ಸಂಸ್ಥೆಯ ನಿವೃತ್ತ ಕಂಪ್ಯೂಟರ್ ಎಂಜಿನಿಯರು ಉಸಿರುಕಟ್ಟಿ ಸತ್ತಿದ್ದರು. ಇವತ್ತು ಶುಕ್ರವಾರ. ನಾಲ್ಕು ದಿನದಿಂದ ಎಲ್ಲರೂ ಅದನ್ನು ಅಪಘಾತ ಎನ್ನುತ್ತಿದ್ದರು.

ಅಪಘಾತವಾಗಿದ್ದರೆ ಬಾಗಿಲು ತೆಗೆದು ಹೊರಗೆ ಬರಬಹುದಿತ್ತು. ಕುರ್ಚಿಯಿಂದ ಬಾಗಿಲಿಗೆ ಮೂರೇ ಹೆಜ್ಜೆ.

ಇನ್ಸ್‌ಪೆಕ್ಟರ್ ಎದ್ದು ಹೊರಗೆ ಬಂದು ಬಾಗಿಲಿನ ಆಚೆ ಬದಿ ನೋಡಿದಳು. ಈ ಕೋಣೆ ಒಂದು ಕಾಲಕ್ಕೆ ಸಾಮಾನು ತುಂಬುವ ಉಗ್ರಾಣವಾಗಿತ್ತಂತೆ. ಆಗಿನ ಒಂದು ಕಬ್ಬಿಣದ ಚಿಲಕ ಇನ್ನೂ ಹಾಗೇ ಉಳಿದಿತ್ತು. ಮೇಲೆಲ್ಲ ತುಕ್ಕು. ಸರಳು ಓಡಾಡುವ ಜಾಗದಲ್ಲಿ ಮಾತ್ರ ತುಕ್ಕು ಉಜ್ಜಿಹೋಗಿ ಹೊಳಪು ಬಂದಿತ್ತು. ಯಾರೋ ಇತ್ತೀಚೆಗೆ ಅದನ್ನು ಹಾಕಿ, ಮತ್ತೆ ತೆಗೆದಿದ್ದರು.

ಚಿಲಕದ ಪಕ್ಕದ ಗೋಡೆಯಲ್ಲಿ ಗಾಜಿನ ಮುಚ್ಚಳದೊಳಗೆ ಕೆಂಪು ಹಿಡಿ. ಅದನ್ನು ಎಳೆದರೆ ಒಳಗಿನ ಸಿಲಿಂಡರುಗಳು ತೆರೆದುಕೊಳ್ಳುತ್ತವೆ. ಗ್ಯಾಸು ಬರುವ ಮೊದಲು ಅರ್ಧ ನಿಮಿಷ ಸೈರನ್ ಕೂಗಬೇಕು. ಆದರೆ ಧೂಳಿಗೆಲ್ಲ ಕೂಗಿ ತಲೆ ತಿನ್ನುತ್ತದೆಂದು ಸತ್ತವರೇ ವರ್ಷಗಳ ಹಿಂದೆ ಅದರ ತಂತಿ ಕಿತ್ತುಹಾಕಿದ್ದರು.

"ಕೊಲೆ," ಎಂದಳು ಇನ್ಸ್‌ಪೆಕ್ಟರ್.

ದಫೇದಾರರು ಟೋಪಿ ಸರಿಮಾಡಿಕೊಂಡರು.

ಕೋಣೆಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರು ಗುಂಯ್‌ಗುಡುತ್ತಲೇ ಇತ್ತು. ಗ್ಯಾಸಿನಿಂದ ಅದಕ್ಕೇನೂ ಆಗಿರಲಿಲ್ಲ. ಮನುಷ್ಯರನ್ನು ಕೊಂದು ಯಂತ್ರವನ್ನು ಉಳಿಸುವುದಕ್ಕೆಂದೇ ಮಾಡಿದ ಏರ್ಪಾಡು ಎಂದು ದಫೇದಾರರು ಮೊದಲ ದಿನವೇ ಹೇಳಿದ್ದರು. ಯಾರೂ ನಕ್ಕಿರಲಿಲ್ಲ.

*

ಸತ್ತವರನ್ನು ಸಂಸ್ಥೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಜೇಡಪ್ಪ. ಈ ಸಂಸ್ಥೆಗೆ ಜಾಲ ತಂದವರು ಅವರೇ ಎಂಬ ಕಾರಣಕ್ಕೆ ಬಿದ್ದ ಹೆಸರು. ಕರೆದರೆ ಅವರಿಗೂ ಖುಷಿಯಾಗುತ್ತಿತ್ತಂತೆ.

ಆ ಕತೆಯನ್ನು ಇನ್ಸ್‌ಪೆಕ್ಟರ್‌ಗೆ ಹೇಳಿದವಳು ಮರಿ. ಜೇಡಪ್ಪನ ಮರಿ ಎಂದು ಚೇಷ್ಟೆಗೆ ಶುರುವಾದ ಕರೆ ಹಾಗೇ ನಿಂತುಬಿಟ್ಟಿತ್ತು. ಮೂವತ್ನಾಲ್ಕು ವರ್ಷದ ಹೆಂಗಸು, ಸಂಸ್ಥೆಯ ಜಾಲತಾಣದ ಉಸ್ತುವಾರಿ ಅವಳದು. ನಾಲ್ಕು ವರ್ಷದವಳಿದ್ದಾಗ ತಾಯಿ ಸತ್ತಿದ್ದಳು. ತಾಯಿಯೂ ಇಲ್ಲೇ ಕೆಲಸಕ್ಕಿದ್ದವಳು. ಮಕ್ಕಳಿಲ್ಲದ ಜೇಡಪ್ಪ ದಂಪತಿ ಕೂಸನ್ನು ಮನೆಗೆ ಕರೆತಂದು ಸಾಕಿದ್ದರು. ಇವಳು ಅವರನ್ನು ಮಾವ, ಅತ್ತೆ ಎನ್ನುತ್ತಿದ್ದಳು.

ಮೂವತ್ತು ವರ್ಷದ ಹಿಂದೆ, ಮರಿ ಹೇಳಿದಳು, ಈ ಸಂಸ್ಥೆಯಲ್ಲಿ ಕಂಪ್ಯೂಟರುಗಳಿದ್ದವು, ಒಂದಕ್ಕೊಂದು ತಂತಿಯೂ ಇತ್ತು. ಆದರೆ ಒಂದರಲ್ಲಿದ್ದ ಕಾಗದ ಇನ್ನೊಂದಕ್ಕೆ ಬೇಕೆಂದರೆ ನೂರೆಂಟು ತಾಪತ್ರಯ. ದೂರದ ಒಂದು ಸಂಶೋಧನಾ ಕೇಂದ್ರದಲ್ಲಿ ಇದೇ ಗೋಳಿಗೆ ಯಾರೋ ಮದ್ದು ಕಂಡುಹಿಡಿದು, ಬೇಕಾದವರು ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿದ್ದರು. ಪ್ರತಿ ಪುಟಕ್ಕೂ ಒಂದು ವಿಳಾಸ. ಪುಟದೊಳಗಿನ ಒಂದು ಪದ ಮುಟ್ಟಿದರೆ ಇನ್ನೊಂದು ಪುಟ. ಅದು ಪಕ್ಕದ ಕೋಣೆಯಲ್ಲಿರಲಿ, ಸಮುದ್ರದಾಚೆ ಇರಲಿ. ಜೇಡಪ್ಪ ಒಂದು ಸಮ್ಮೇಳನಕ್ಕೆ ಹೋದವರು ಆ ಪ್ರೋಗ್ರಾಮನ್ನು ಟೇಪಿನಲ್ಲಿ ತುಂಬಿಸಿಕೊಂಡು ಬಂದರು. ಇಲ್ಲಿ ಮೊದಲು ಮಾಡಿದ ಪುಟ, ಯಾರು ಯಾವ ಕೋಣೆಯಲ್ಲಿ ಕೂರುತ್ತಾರೆ ಎಂಬ ಪಟ್ಟಿ. ಎರಡನೆಯದು, ಸಂಶೋಧನೆಗೆಂದು ವಿಕಿರಣ ಹೊಮ್ಮಿಸುವ ಕಿರಣ ಯಂತ್ರ ಓಡುತ್ತಿದೆಯೋ ನಿಂತಿದೆಯೋ ಎಂದು ಹೇಳುವ ಪುಟ.

ಎರಡನೆಯದರ ಮಾತು ಬಂದಾಗ ಮರಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

ಇದು ಕೆಲಸ ಮಾಡುವ ರೀತಿ ಹೇಗೆ ಎಂದು ಇನ್ಸ್‌ಪೆಕ್ಟರ್ ಕೇಳಿದ್ದಕ್ಕೆ, ತುಂಬ ಸರಳ ಎಂದಳು. ನಾವು ವಿಳಾಸ ಹೇಳಿ ಪುಟ ಕೇಳುತ್ತೇವೆ. ಅಲ್ಲಿರುವ ಯಂತ್ರ ಪುಟ ಕೊಡುತ್ತದೆ. ಕೊಟ್ಟ ಮೇಲೆ ತನ್ನ ದಾಖಲೆಯಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ. ಯಾವ ಕಂಪ್ಯೂಟರಿನಿಂದ ಕೇಳಿದರು, ಎಷ್ಟು ಗಂಟೆಗೆ, ಯಾವ ಪುಟ, ಎಷ್ಟು ಬೈಟು ಹೋಯಿತು. ಬೈಟು ಅಂದರೆ ಅಕ್ಷರ ಅಂದುಕೊಳ್ಳಿ. ಆಗಿನ ಯಂತ್ರಕ್ಕೆ ರೋಮನ್ ಲಿಪಿ ಬಿಟ್ಟು ಬೇರೆ ಬರುತ್ತಿರಲಿಲ್ಲ, ಒಂದು ಅಕ್ಷರಕ್ಕೆ ಒಂದೇ ಬೈಟು.

"ನಮ್ಮ ಸ್ಟೇಷನ್ ಡೈರಿ ಇದ್ದ ಹಾಗೆ," ಎಂದರು ದಫೇದಾರರು. "ಆದರೆ ಇದು ನಿಯತ್ತಿನದು. ಊಟಕ್ಕೆ ಹೋದಾಗ ಬರೆಯೋದು ಬಿಡಲ್ಲ."

ಮೂಲೆಯ ಹಳೆಯ ಯಂತ್ರ ಶುರುವಾದ ದಿನದಿಂದ ಇವತ್ತಿನವರೆಗೆ ಬರೆದ ಒಂದು ಸಾಲನ್ನೂ ಜೇಡಪ್ಪ ಅಳಿಸಿರಲಿಲ್ಲ. ಸೋಮವಾರದ ದಾಖಲೆ ಬೇಕೆಂದು ಇನ್ಸ್‌ಪೆಕ್ಟರ್ ಕೇಳಿದಳು. ಮರಿ ಮರುಮಾತಾಡದೆ ಮುದ್ರಿಸಿ ಕೊಟ್ಟಳು. ಅದರಲ್ಲಿದ್ದದ್ದು ಒಂದೇ ಸಾಲು. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಯಾರೋ ಮೂವತ್ತು ವರ್ಷ ಹಿಂದಿನ ಒಂದು ದಿನದ ದಾಖಲೆ ಕೇಳಿ ತರಿಸಿಕೊಂಡಿದ್ದರು.

ಕೇಳಿದ ಕಂಪ್ಯೂಟರು ಯಾವುದು?

ನಿರ್ದೇಶಕರ ಕೋಣೆಯದು ಎಂದಳು ಮರಿ.

ಆ ದಿನ ಯಾವುದು?

"ನಮ್ಮಮ್ಮ ಕಿರಣ ಯಂತ್ರದ ಕೋಣೆಗೆ ಹೋದ ದಿನ," ಎಂದಳು. "ಆ ದಿನದ್ದನ್ನೂ ಮುದ್ರಿಸಿದೀನಿ. ನೀವೇ ಓದಿ." ಕಾಗದಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

*

ಆ ಸಾವಿನ ವಿಚಾರಣೆಯ ಹಳೆಯ ಕಡತ ಸಂಸ್ಥೆಯ ಗ್ರಂಥಾಲಯದಲ್ಲಿ ಸಿಕ್ಕಿತು. ಮಧ್ಯಾಹ್ನದವರೆಗೆ ಇನ್ಸ್‌ಪೆಕ್ಟರ್ ಅದನ್ನು ಓದಿದಳು.

ಮರಿಯ ತಾಯಿ ಅಳತೆ ಉಪಕರಣಗಳ ತಂತ್ರಜ್ಞೆ. ಆ ದಿನ ಬೆಳಿಗ್ಗೆಯೆಲ್ಲ ಕಿರಣ ಯಂತ್ರ ನಿಂತಿತ್ತು. ಮಧ್ಯಾಹ್ನ ಎರಡೂವರೆಗೆ ಶುರುವಾಯಿತು. ಎರಡು ಮುಕ್ಕಾಲಿಗೆ ಆಕೆ ಒಂದು ಉಪಕರಣ ಸರಿಮಾಡಲು ಆ ದಪ್ಪ ಗೋಡೆಗಳ ಕೋಣೆಯೊಳಗೆ ಹೋದಳು. ಹನ್ನೊಂದು ನಿಮಿಷ ಒಳಗಿದ್ದಳು. ಹೊರಗೆ ಬಂದಾಗ ಏನೂ ಆಗಿರಲಿಲ್ಲ. ಸಂಜೆ ವಾಂತಿ ಶುರುವಾಯಿತು. ಹತ್ತೊಂಬತ್ತನೇ ದಿನ ಆಸ್ಪತ್ರೆಯಲ್ಲಿ ಸತ್ತಳು. ಕೊನೆಯ ವಾರ ಆಕೆಯ ಮೈಮೇಲೆ ಬಟ್ಟೆ ಹೊದಿಸುವ ಹಾಗಿರಲಿಲ್ಲ.

ಸಾಯುವ ಮುಂಚೆ ಆಕೆ ಹೇಳಿಕೆ ಕೊಟ್ಟಿದ್ದಳು. ಒಳಗೆ ಹೋಗುವ ಮೊದಲು ಪುಟ ನೋಡಿದೆ, ಯಂತ್ರ ನಿಂತಿದೆ ಎಂದೇ ಇತ್ತು, ಅಂತ. ಮೊದಲೆಲ್ಲ ಫೋನ್ ಮಾಡಿ ಕೇಳುತ್ತಿದ್ದರು. ಪುಟ ಬಂದ ಮೇಲೆ ಫೋನ್ ನಿಂತಿತ್ತು.

ವಿಚಾರಣಾ ಸಮಿತಿ ಅದನ್ನು ನಂಬಲಿಲ್ಲ. ಕಡತಕ್ಕೆ ಅಂಟಿಸಿದ ಪುಟದ ಪ್ರತಿಯಲ್ಲಿ ಯಂತ್ರ ಓಡುತ್ತಿದೆ, ಒಳಗೆ ಬರಬೇಡಿ ಎಂದಿತ್ತು. ಉದ್ದ 611 ಬೈಟು ಎಂದು ಕೆಳಗೆ ನಮೂದಿಸಿದ್ದರು. ಸಾವಿಗೆ ಸ್ವಂತ ಅಜಾಗರೂಕತೆಯೇ ಕಾರಣ ಎಂದು ಬರೆದು ಕಡತ ಮುಚ್ಚಿದ್ದರು.

ಇನ್ಸ್‌ಪೆಕ್ಟರ್ ಮರಿ ಕೊಟ್ಟ ಕಾಗದವನ್ನು ಪಕ್ಕದಲ್ಲಿಟ್ಟಳು. ಎರಡು ಗಂಟೆ ನಲವತ್ತು ನಿಮಿಷಕ್ಕೆ ಅಳತೆ ವಿಭಾಗದ ಕಂಪ್ಯೂಟರಿಗೆ ಅದೇ ಪುಟ ಹೋಗಿತ್ತು.

597 ಬೈಟು.

ಹದಿನಾಲ್ಕು ಅಕ್ಷರ ಕಡಿಮೆ. ಅದೇ ದಿನ ಬೆಳಿಗ್ಗೆ, ಯಂತ್ರ ನಿಂತಿದ್ದಾಗ ಹೋದ ಪುಟಗಳೆಲ್ಲ 597 ಬೈಟಿನವೇ. ಆ ಹೆಂಗಸು ಸುಳ್ಳು ಹೇಳಿರಲಿಲ್ಲ.

ಕಡತದ ಕೊನೆಯ ಹಾಳೆಯಲ್ಲಿ, ಆ ದಿನ ಕಿರಣ ಯಂತ್ರದ ಪಾಳಿ ನೋಡಿಕೊಳ್ಳುತ್ತಿದ್ದವರ ಸಹಿಯಿತ್ತು. ಇವತ್ತು ಅವರೇ ಸಂಸ್ಥೆಯ ನಿರ್ದೇಶಕರು.

*

ನಿರ್ದೇಶಕರ ಕೋಣೆಗೆ ಹೋಗುವ ಮೊಗಸಾಲೆಯಲ್ಲಿ ಜೇಡಪ್ಪನ ಹೆಂಡತಿ ಬೆಂಚಿನ ಮೇಲೆ ಕೂತಿದ್ದರು. ಗಂಡನ ಕನ್ನಡಕ, ಉಣ್ಣೆ ಅಂಗಿ ವಾಪಸು ತೆಗೆದುಕೊಂಡು ಹೋಗಲು ಬಂದಿದ್ದರು. ಎಪ್ಪತ್ತು ದಾಟಿದ, ನೆಟ್ಟಗೆ ಕೂರುವ ಹೆಂಗಸು. ಸೋಮವಾರ ಒಂದು ಗಂಟೆಗೆ ಊಟದ ಡಬ್ಬಿ ತಂದು, ಬಾಗಿಲು ತಳ್ಳಿ, ಹೆಣವನ್ನು ಮೊದಲು ನೋಡಿದವರು ಅವರೇ.

ಇನ್ನೂ ಎರಡು ದಿನ ತಾಳಬೇಕು ಎಂದು ಇನ್ಸ್‌ಪೆಕ್ಟರ್ ಹೇಳಿದಳು. ಆಗಲಿ ಎಂದರು. ನಿವೃತ್ತಿಯಾದ ಮೇಲೂ ದಿನಾ ಆ ಯಂತ್ರದ ಮುಂದೆ ಹೋಗಿ ಕೂರುತ್ತಿದ್ದರಲ್ಲ, ಯಾಕೆ ಅಂತ ಹೇಳಿದ್ದರೇ ಎಂದು ಕೇಳಿದ್ದಕ್ಕೆ, ಅವರಿಗೆ ಅದರ ಋಣವಿತ್ತು ಎಂದಷ್ಟೇ ಅಂದರು. ತಾವು ಆ ಕೋಣೆಯೊಳಗೆ ಕೂತವರಲ್ಲ, ಮಧ್ಯಾಹ್ನ ಒಂದಕ್ಕೆ ಮುಂಚೆ ಆ ಕಟ್ಟಡದ ಮೆಟ್ಟಿಲು ಹತ್ತಿದವರೂ ಅಲ್ಲ ಎಂದರು.

ಎದ್ದು ಹೋಗುವಾಗ ಮರಿ ಊಟ ಮಾಡಿದಳೋ ಇಲ್ಲವೋ ನೋಡಿ ಎಂದು ದಫೇದಾರರಿಗೆ ಹೇಳಿದರು.

*

ನಿರ್ದೇಶಕರು ಅಲ್ಲಾಡಲಿಲ್ಲ. ಎರಡೂ ಕಾಗದ ಮುಂದಿಟ್ಟರೂ ಕನ್ನಡಕ ಹಾಕಿಕೊಳ್ಳಲಿಲ್ಲ. ಅವುಗಳಲ್ಲಿ ಏನಿದೆಯೆಂದು ಅವರಿಗೆ ಮೊದಲೇ ಗೊತ್ತಿತ್ತು.

"ಈ ಪುಟವನ್ನ ನೀವು ಬದಲಾಯಿಸಿದ್ದು ಎಷ್ಟು ಗಂಟೆಗೆ?" ಇನ್ಸ್‌ಪೆಕ್ಟರ್ ಕೇಳಿದಳು.

"ಎರಡು ಮೂವತ್ತೊಂದಕ್ಕೆ. ಯಂತ್ರ ಶುರು ಮಾಡಿದ ಮರುನಿಮಿಷ."

"ಎರಡು ನಲವತ್ತಕ್ಕೆ ಆಕೆಗೆ ಸಿಕ್ಕಿದ್ದು ಹಳೆಯ ಪುಟ. ನಿಂತಿದೆ ಅನ್ನೋ ಪುಟ. ನೀವು ಬದಲಾಯಿಸಿದ್ದು ಆಕೆ ಒಳಗೆ ಹೋದ ಮೇಲೆ."

"ಅಲ್ಲ."

"ದಾಖಲೆ ಇಲ್ಲಿದೆ."

"ಇದು ಯಾವ ಯಂತ್ರದ ದಾಖಲೆ ಅಂತ ಕೇಳಿದಿರಾ?"

ಇನ್ಸ್‌ಪೆಕ್ಟರ್ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ನಿರ್ದೇಶಕರು ಕುರ್ಚಿಯಿಂದೆದ್ದು ಕಿಟಕಿಯ ಹತ್ತಿರ ಹೋದರು. ಎದುರಿನ ಹಳೆಯ ಕಟ್ಟಡದ ಕಡೆಗೆ ಮುಖ ಮಾಡಿ, ಯಾರದೋ ವಿಷಯ ಹೇಳುವಂತೆ ಹೇಳತೊಡಗಿದರು. ಜೇಡಪ್ಪ ಮೊದಲ ಯಂತ್ರವನ್ನು ಅಭಿಮಾನಕ್ಕೆ ಉಳಿಸಿಕೊಂಡಿದ್ದಾರೆ ಎಂದು ಎಲ್ಲರೂ ನಂಬಿದ್ದಾರೆ. ಅದು ಮೊದಲ ಯಂತ್ರ ಅಲ್ಲ. ಪುಟ ಇದ್ದದ್ದು ನಿಯಂತ್ರಣ ಕೋಣೆಯ ಕಂಪ್ಯೂಟರಿನಲ್ಲಿ. ಅದನ್ನು ಇಪ್ಪತ್ತು ವರ್ಷದ ಹಿಂದೆಯೇ ಗುಜರಿಗೆ ಹಾಕಿದರು. ಅಲ್ಲಿಂದ ಅಳತೆ ವಿಭಾಗಕ್ಕೆ ಹೋಗುವ ತಂತಿ ಆಮೆಯಷ್ಟು ನಿಧಾನ. ಅದಕ್ಕೆ ಜೇಡಪ್ಪ ನಡುವೆ ಇನ್ನೊಂದು ಯಂತ್ರ ಇಟ್ಟರು. ಒಮ್ಮೆ ಕೇಳಿದ ಪುಟದ ನಕಲನ್ನು ಅದು ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು. ಒಂದು ಗಂಟೆಯೊಳಗೆ ಯಾರಾದರೂ ಅದೇ ಪುಟ ಮತ್ತೆ ಕೇಳಿದರೆ, ಅಷ್ಟು ದೂರ ಹೋಗದೆ ಆ ನಕಲನ್ನೇ ಕೊಡುತ್ತಿತ್ತು.

"ಈಗಲೂ ಜಗತ್ತೆಲ್ಲ ಹಾಗೇ ನಡೀತಿದೆ," ಎಂದರು. "ತಪ್ಪೇನಿಲ್ಲ. ಯಾರು ಯಾವ ಕೋಣೆಯಲ್ಲಿ ಕೂರ್ತಾರೆ ಅನ್ನೋ ಪಟ್ಟಿಗೆ ಒಂದು ಗಂಟೆ ಹಳೆಯ ನಕಲು ಸಾಕು. ಈ ಪುಟಕ್ಕೆ ಸಾಲದು. ಅದನ್ನ ಬೇರೆ ಇಡಬೇಕಿತ್ತು. ಅವರು ಮರೆತರು."

"ನನ್ನ ಪುಟ ಸರಿಯಾಗಿತ್ತು, ತಪ್ಪು ನಕಲಿನದು ಅಂತ ನೀವು ಹೇಳಬಹುದಿತ್ತು."

"ಹೇಳಿದ್ದರೆ, ಹಾಗಾದರೆ ಕೋಣೆಯ ಬಾಗಿಲು ತೆಗೆದರೂ ಯಂತ್ರ ಯಾಕೆ ನಿಲ್ಲಲಿಲ್ಲ ಅಂತ ಕೇಳೋರು." ಮೊದಲ ಬಾರಿಗೆ ಅವರ ದನಿ ಕುಗ್ಗಿತು. "ಯಂತ್ರ ಓಡ್ತಿರುವಾಗ ಬಾಗಿಲು ತೆಗೆದರೆ ತಾನಾಗೇ ನಿಲ್ಲಬೇಕು. ಬಾಗಿಲಿನ ಆ ಸ್ವಿಚ್ಚು ಪದೇ ಪದೇ ಕೆಡ್ತಿತ್ತು. ನಾನು ಅದನ್ನ ತಂತಿ ಸುತ್ತಿ ಕಟ್ಟಿಹಾಕಿದ್ದೆ. ಜೇಡಪ್ಪ ನನ್ನ ತಂತಿಯ ಬಗ್ಗೆ ಬಾಯಿ ಬಿಡಲಿಲ್ಲ. ನಾನು ಅವರ ನಕಲಿನ ಬಗ್ಗೆ ಬಿಡಲಿಲ್ಲ."

"ಹೊಣೆ ಸತ್ತವಳ ತಲೆಗೆ ಕಟ್ಟಿದಿರಿ."

"ಹೌದು."

ಹೊರಗೆ ಯಾರದೋ ಚಪ್ಪಲಿಯ ಸದ್ದು ಬಂದು ಹೋಯಿತು.

"ಸೋಮವಾರ ಒಂಬತ್ತು ಹತ್ತಕ್ಕೆ ಈ ದಾಖಲೆ ತರಿಸಿಕೊಂಡಿರಿ," ಎಂದಳು ಇನ್ಸ್‌ಪೆಕ್ಟರ್. "ಹಳೆಯ ಕಟ್ಟಡ ಇಲ್ಲಿಂದ ಐದು ನಿಮಿಷದ ದಾರಿ."

"ಸೋಮವಾರ ಒಂಬತ್ತರಿಂದ ಹನ್ನೆರಡರವರೆಗೆ ನಾನು ಸಭೆಯಲ್ಲಿದ್ದೆ. ಹನ್ನೊಂದು ಜನ ಇದ್ದರು. ಕೇಳಿ ನೋಡಿ."

ದಫೇದಾರರು ಮೆಲ್ಲಗೆ ತಲೆಯಾಡಿಸಿದರು. ಅವರು ಆಗಲೇ ಕೇಳಿದ್ದರು. ಹನ್ನೊಂದು ಜನರೂ ಒಂದೇ ಮಾತು ಹೇಳಿದ್ದರು, ನಡುವೆ ಎದ್ದು ಹೋಗಿದ್ದರೆ ನಮಗೆ ಸಂತೋಷವೇ ಆಗುತ್ತಿತ್ತು ಅಂತಲೂ ಒಬ್ಬರು ಸೇರಿಸಿದ್ದರು.

ನಿರ್ದೇಶಕರು ಮೇಜಿನ ಖಾನೆ ಎಳೆದು ಒಂದು ಕಾಗದ ತೆಗೆದುಕೊಟ್ಟರು. ಜೇಡಪ್ಪನ ಕೈಬರಹ, ಹಿಂದಿನ ಶನಿವಾರದ ತಾರೀಕು. ಡಾಕ್ಟರು ತಮಗೆ ಹೆಚ್ಚು ದಿನ ಕೊಟ್ಟಿಲ್ಲ, ಇದನ್ನು ಹೊತ್ತುಕೊಂಡು ಸಾಯಲು ಮನಸ್ಸಿಲ್ಲ ಎಂದು ಬರೆದಿದ್ದರು. ತಾರೀಕು, ಗಂಟೆ, ಎರಡೂ ಸಂಖ್ಯೆ ನಮೂದಿಸಿದ್ದರು. ಕೊನೆಯ ಸಾಲು ಹೀಗಿತ್ತು: ಸೋಮವಾರ ಮರಿಯನ್ನು ಕೂರಿಸಿಕೊಂಡು ಎಲ್ಲ ಹೇಳುತ್ತೇನೆ, ನೀವು ಸಿದ್ಧರಾಗಿರಿ.

"ಸೋಮವಾರ ಬೆಳಿಗ್ಗೆ ನನ್ನ ಪ್ರಿಂಟರ್ ಕೆಟ್ಟಿತ್ತು," ಎಂದರು ನಿರ್ದೇಶಕರು. "ಸರಿಮಾಡೋಕೆ ಒಬ್ಬರನ್ನ ಕರೆಸಿ, ನಾನು ಸಭೆಗೆ ಹೋದೆ. ವಾಪಸು ಬಂದಾಗ ಪ್ರಿಂಟರ್ ಹಾಗೇ ಬಿಚ್ಚಿ ಬಿದ್ದಿತ್ತು. ಈ ಕಾಗದ ಖಾನೆಯಲ್ಲಿರಲಿಲ್ಲ, ಮೇಜಿನ ಮೇಲಿತ್ತು."

"ಯಾರನ್ನ ಕರೆಸಿದ್ದಿರಿ?"

"ಇಂಥ ಕೆಲಸಕ್ಕೆ ಇಲ್ಲಿ ಇನ್ಯಾರಿದ್ದಾರೆ?"

*

ಮರಿ ತನ್ನ ಕೋಣೆಯಲ್ಲೇ ಇದ್ದಳು. ಮೇಜಿನ ಮೇಲೆ ತಟ್ಟೆ ಮುಚ್ಚಿಟ್ಟಿತ್ತು, ಮುಟ್ಟಿರಲಿಲ್ಲ. ಇಬ್ಬರನ್ನೂ ಕಂಡು ಪಕ್ಕದ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿ ಕೆಳಗಿಟ್ಟಳು.

ಇನ್ಸ್‌ಪೆಕ್ಟರ್ ಕೂರಲಿಲ್ಲ. ಸೋಮವಾರ ಬೆಳಿಗ್ಗೆಯೆಲ್ಲ ಈ ಕೋಣೆ ಬಿಟ್ಟು ಹೋಗಲಿಲ್ಲ ಎಂದು ಹೇಳಿಕೆ ಕೊಟ್ಟಿದ್ದೀರಿ, ಅದನ್ನು ಬದಲಾಯಿಸುತ್ತೀರಾ ಎಂದು ಕೇಳಿದಳು.

ಬದಲಾಯಿಸುತ್ತೇನೆ ಎಂದಳು ಮರಿ. ಯಾವಾಗ ಕೇಳುತ್ತೀರೋ ಎಂದು ಕಾಯುತ್ತಿದ್ದೆ, ಆ ದಾಖಲೆಯನ್ನು ನಿಮ್ಮ ಕೈಗೆ ಕೊಟ್ಟದ್ದೂ ಅದಕ್ಕೇ ಎಂದಳು. ಪ್ರಿಂಟರಿಗೆ ಕಾಗದ ಹುಡುಕಲು ಖಾನೆ ತೆಗೆದಿದ್ದಳು. ಮಾವನ ಅಕ್ಷರ ಕಂಡಿತು. ಓದಿದಳು. ನಂಬದೆ, ಅಲ್ಲೇ ಕೂತು ಆ ದಿನದ ದಾಖಲೆ ತರಿಸಿ ನೋಡಿದಳು. ಆಮೇಲೆ ಹಳೆಯ ಕಟ್ಟಡಕ್ಕೆ ಓಡಿದಳು.

"ಮಾವ ಏನೂ ಮುಚ್ಚಿಡಲಿಲ್ಲ," ಎಂದಳು. "ಕೇಳುವ ಮೊದಲೇ ಹೇಳಿದರು. ಆಮೇಲೆ ಅತ್ತರು. ಅವರು ಅತ್ತಿದ್ದನ್ನ ನೋಡಿ ನನಗೆ ಒಂದೇ ನೆನಪಾಯಿತು. ಸ್ಕೂಲಿಗೆ ಹೋಗುವಾಗ ರಸ್ತೆ ದಾಟಿಸೋರು. ಪ್ರತಿ ಸಲ ಹೇಳೋರು, ನೋಡಿಕೊಂಡು ಹೆಜ್ಜೆ ಇಡು ಮರಿ, ನಿಮ್ಮಮ್ಮನ ಹಾಗೆ ಮಾಡಬೇಡ ಅಂತ."

ದಫೇದಾರರು ಬರೆಯುವುದನ್ನು ನಿಲ್ಲಿಸಿದ್ದರು.

"ಆಮೇಲೆ?"

"ಹೊರಗೆ ಬಂದು ಹಿಡಿ ಎಳೆದೆ."

ಅವಳು ಅದನ್ನು ಹೇಳಿ ತನ್ನ ಬಲಗೈಯನ್ನೇ ನೋಡಿಕೊಂಡಳು. ಸಾಯಲಿ ಅಂತಲ್ಲ ಎಂದಳು. ಬಾಗಿಲು ತೆರೆದೇ ಇರುತ್ತದೆ, ಮೂರು ಹೆಜ್ಜೆ, ಕೆಮ್ಮುತ್ತಾ ಹೊರಗೆ ಬರುತ್ತಾರೆ. ತನ್ನದೇ ಕೋಣೆಯೊಳಗೆ ಏನು ತನ್ನನ್ನು ಕೊಲ್ಲುತ್ತಿದೆ ಅಂತ ತಿಳಿಯದೆ ನಿಲ್ಲುವುದು ಹೇಗಿರುತ್ತದೆ ಅಂತ ಒಂದು ಗಳಿಗೆ ಅವರಿಗೂ ಗೊತ್ತಾಗಲಿ. ಅಷ್ಟೇ ಇತ್ತು ತಲೆಯಲ್ಲಿ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದೂ ಇರಲಿಲ್ಲ.

"ಚಿಲಕ ಹಾಕಿದ್ದು?"

ಮರಿ ತಲೆಯೆತ್ತಿದಳು. "ಯಾವ ಚಿಲಕ?"

ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ಇಪ್ಪತ್ತು ವರ್ಷ ಸುಳ್ಳು ಕೇಳಿಸಿಕೊಂಡ ಇನ್ಸ್‌ಪೆಕ್ಟರ್‌ಗೆ ಅಷ್ಟು ಗೊತ್ತಾಗುತ್ತಿತ್ತು. ಕುರ್ಚಿ ಎಳೆದುಕೊಂಡು ಅವಳೆದುರು ಕೂತಳು. ಗೀರುಗಳ ವಿಷಯ, ಉಗುರಿನ ವಿಷಯ, ಹೊರಗಿನ ಚಿಲಕದ ವಿಷಯ ನಿಧಾನವಾಗಿ ಹೇಳಿದಳು.

"ಗಾಬರಿಯಲ್ಲಿ ಹೊರಗೆ ಬರಲಾಗಲಿಲ್ಲ ಅಂದುಕೊಂಡಿದ್ದೆ," ಎಂದಳು. "ವಯಸ್ಸಾಗಿತ್ತಲ್ಲ, ಅದಕ್ಕೆ ಅಂತ."

"ಹಿಡಿ ಎಳೆದ ಮೇಲೆ ನೀವು ವಾಪಸು ಬಾಗಿಲ ಹತ್ತಿರ ಹೋಗಲಿಲ್ಲವಾ?"

"ಹೋಗೋಕೆ ತಿರುಗಿದೆ."

"ಮತ್ತೆ?"

ಮರಿ ಎದುರಿಗಿದ್ದ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದಳು.

"ಅತ್ತೆ ಅಲ್ಲೇ ನಿಂತಿದ್ದರು," ಎಂದಳು. "ಎಷ್ಟು ಹೊತ್ತಿಂದ ನಿಂತಿದ್ದರೋ, ಒಳಗಿನ ಮಾತು ಎಷ್ಟು ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ. ಗ್ಯಾಸು ಬಿಟ್ಟುಬಿಟ್ಟೆ, ಮಾವ ಒಳಗಿದ್ದಾರೆ ಅಂದೆ. ಅವರು ಎರಡೂ ಭುಜ ಹಿಡಿದು ನನ್ನನ್ನ ಮೆಟ್ಟಿಲ ಕಡೆಗೆ ತಿರುಗಿಸಿದರು. ನೀನು ಹೋಗು ಮರಿ, ಅಂದರು. ಬಾಗಿಲು ನಾನು ನೋಡ್ಕೋತೀನಿ."